ಗೋಣಿಸೊಪ್ಪಿನ ಇರುಳ ದುಡಿಮೆ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಭಾಗವಾಗಿದ್ದವು. ಗಡಿ ಸರಿದರೂ ಮಣ್ಣು ಸರಿಯಲಿಲ್ಲವಾದ್ದರಿಂದ, ಬೀದರಿನ ಜಂಬಿಟ್ಟಿಗೆಯ ಕೆನ್ನೆಲ ಜಹೀರಾಬಾದಿನವರೆಗೂ, ಕಲಬುರಗಿಯ ಎರೆಭೂಮಿ ತಾಂಡೂರಿನವರೆಗೂ ಇಂದಿಗೂ ಒಂದೇ ಹಾಸಾಗಿ ಹಬ್ಬಿವೆ. ಇದು ಮರುಭೂಮಿಯಲ್ಲ. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದರಿಂದ, ಬಾವಿ ಇಲ್ಲದ ಹೊಲದ ಗಿಡಕ್ಕೆ ಉಳಿದ ತಿಂಗಳುಗಳಲ್ಲಿ ಮರುಭೂಮಿಯ ಬದುಕೇ ಗತಿ. ಹೀಗಿದ್ದೂ ಇಲ್ಲಿನ ಬಡವರ ಒಲೆಯ ಮೇಲೆ ವರ್ಷದ ಬಹುಕಾಲ ಸೊಪ್ಪು ಬೇಯುತ್ತ ಬಂದಿದೆ, ಮತ್ತು ಅದರಲ್ಲಿ ಬಹಳಷ್ಟನ್ನು ಯಾರೂ ಬಿತ್ತಿದ್ದಲ್ಲ.

ಕೃಷಿ ಪಠ್ಯಗಳು ‘ಕಳೆ’ ಎಂದು ಕರೆಯುವ ಅನ್ನೆಸೊಪ್ಪು, ತಗಚೆ, ಹೊನಗೊನ್ನೆ, ಗೋಣಿಸೊಪ್ಪುಗಳನ್ನು ಆಹಾರವೆಂದು ಎಣಿಸಬೇಕೆಂದು ವಾದಿಸಿದವರಲ್ಲಿ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ದಲಿತ ಮಹಿಳೆಯರ ಸಂಘಗಳೊಡನೆ ದುಡಿಯುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೂ, ಅದನ್ನು ದೀರ್ಘಕಾಲ ಮುನ್ನಡೆಸಿ 2023ರಲ್ಲಿ ತೀರಿಕೊಂಡ ಮೈಸೂರಿನವರಾದ ಪಿ.ವಿ. ಸತೀಶ್ ಅವರೂ ಮುಖ್ಯರು. ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಬಂದಿತು. ಹಿಂಗಾರಿ ಬೆಳೆ ಬರೀ ಇಬ್ಬನಿ ಕುಡಿದು ಬೆಳೆಯುತ್ತದೆ ಎಂಬ ಈ ಭಾಗದ ಮಾತನ್ನು ಮಾತ್ರ ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಎರೆಮಣ್ಣಿನ ಜೇಡಿ ಹಿಡಿದಿಟ್ಟ ಮಳೆಗಾಲದ ತೇವವೇ ಅದರ ನಿಜವಾದ ಆಧಾರ.

ಈ ಸೊಪ್ಪುಗಳಲ್ಲಿ ವಿಜ್ಞಾನಿಗಳನ್ನು ಹೆಚ್ಚು ಕಾಡಿದ್ದು ಗೋಣಿಸೊಪ್ಪು. ಕೆಂಪು ಛಾಯೆಯ ದಂಟು, ಬೆರಳಿಗೆ ಲೋಳೆ ಹತ್ತಿಸುವ ದಪ್ಪ ಎಲೆ, ನೆಲಕ್ಕಂಟಿ ಹರಡುವ ಬಳ್ಳಿ; ತೆಲುಗಿನವರು ಗಂಗವಾಯಿಲಿ ಎಂದು ಕರೆದು ತೊಗರಿಬೇಳೆಯೊಡನೆ ಬೇಯಿಸುವ ಸೊಪ್ಪು ಇದೇ. ಎಲೆ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳಲು ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳನ್ನು ತೆರೆಯಬೇಕು, ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ನಡುರಾತ್ರಿ ಮಾತ್ರ ನಲ್ಲಿಗೆ ನೀರು ಬಿಡುವ ಊರಿನಲ್ಲಿ ಮನೆಯಾಕೆ ನಿದ್ದೆಗೆಟ್ಟು ಕೊಡ, ಹಂಡೆ, ಬಕೆಟ್ಟುಗಳನ್ನೆಲ್ಲ ತುಂಬಿಸಿಟ್ಟು ಹಗಲೆಲ್ಲ ಅದರಲ್ಲೇ ಸಂಸಾರ ತೂಗಿಸುವಂತೆ, ನೀರಿನ ಬರ ಬಿದ್ದಾಗ ಈ ಗಿಡ ತಂಪಾದ ಇರುಳಿನಲ್ಲಿ ಬಾಗಿಲು ತೆರೆದು, ಒಳಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶದ ರಸಧಾನಿಯಲ್ಲಿ ತುಂಬಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಆ ದಾಸ್ತಾನಿನಿಂದ ಸಕ್ಕರೆ ತಯಾರಿಸುತ್ತದೆ. ಹಂಡೆ ತುಂಬಿದ ಮೇಲೆ ನಲ್ಲಿ ಎಷ್ಟು ಸುರಿದರೂ ವ್ಯರ್ಥವಾಗುವಂತೆ, ಈ ವಿಧಾನವನ್ನೇ ನೆಚ್ಚಿದ ಗಿಡಗಳ ಬೆಳವಣಿಗೆ ಸಾಮಾನ್ಯವಾಗಿ ನಿಧಾನ.

ಇದರ ಸುಳಿವು ಮೊದಲು ಸಿಕ್ಕಿದ್ದರಲ್ಲಿ ನಾಲಗೆಯ ಪಾಲೂ ಇದೆ. ದಕ್ಷಿಣ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದು, ಟಿಪ್ಪುವಿನ ಪತನದ ನಂತರ ಕೆಲಕಾಲ ಲಾಲ್‌ಬಾಗಿನ ಹೊಣೆಯನ್ನೂ ಹೊತ್ತಿದ್ದ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ಕಂಡು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾಡುಬಸಳೆಯ ಕ್ರಾಸ್ಯುಲೇಸಿ ಕುಟುಂಬದ ಹೆಸರಿನಿಂದಲೇ ಈ ಕ್ರಿಯೆಗೆ ‘ಕ್ಯಾಮ್’ ಎಂಬ ಸಂಕ್ಷಿಪ್ತ ಹೆಸರು ಬಂದಿದೆ. ಜೋಳ, ಕಬ್ಬುಗಳು ಹಗಲಿನ ಸುಡುಬಿಸಿಲಲ್ಲೇ ಇಂಗಾಲವನ್ನು ಸಾಂದ್ರಗೊಳಿಸಿ ಬೇಗ ಬೆಳೆಯುವ ‘ಸಿ-4’ ಎಂಬ ಬೇರೊಂದು ಮಾರ್ಗವನ್ನು 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ವಿವರಿಸಿದರು. ಸಿ-4 ಸಸ್ಯವಾದ ಗೋಣಿಸೊಪ್ಪಿನಲ್ಲಿ ಕ್ಯಾಮ್ ಕೂಡ ನಡೆಯುತ್ತದೆಂದು 1980ರಲ್ಲಿ ಕೋಚ್ ಮತ್ತು ಕೆನಡಿ ತೋರಿಸಿದರಾದರೂ, ಎರಡೂ ಒಂದೇ ಕೋಶಗಳಲ್ಲಿ ಹೆಣೆದುಕೊಂಡಿವೆ, ಇರುಳಿನ ಆಮ್ಲವೇ ನೇರವಾಗಿ ಹಗಲಿನ ಸಿ-4 ಚಕ್ರಕ್ಕೆ ಸೇರುತ್ತದೆ ಎಂಬುದು ಸ್ಪಷ್ಟವಾಗಲು ಯೇಲ್ ವಿಶ್ವವಿದ್ಯಾಲಯದ 2022ರ ಅಧ್ಯಯನದವರೆಗೆ ಕಾಯಬೇಕಾಯಿತು.

ಒಮೆಗಾ-3 ಇದೆಯೆಂಬ ಕಾರಣಕ್ಕೆ ಇದನ್ನೀಗ ‘ಸೂಪರ್‌ಫುಡ್’ ಎಂದು ಮಾರುವವರಿದ್ದಾರೆ. ಇರುವುದು ನಿಜವೇ, ಆದರೆ ಅದು ಅಗಸೆಯಲ್ಲಿರುವಂಥ ಆಲ್ಫಾ ಲಿನೊಲೆನಿಕ್ ಆಮ್ಲವೇ ಹೊರತು ಮೀನೆಣ್ಣೆಗೆ ಸಮವಲ್ಲ, ಜೊತೆಗೆ ಆಕ್ಸಲೇಟ್ ಅಂಶ ಹೆಚ್ಚಾದ್ದರಿಂದ ಮೂತ್ರಪಿಂಡದ ಕಲ್ಲಿನವರು ಮಿತವಾಗಿ ತಿನ್ನುವುದು ಲೇಸು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಈ ಸೊಪ್ಪೂ ಸಾಯುತ್ತದೆ, ಸಾಯದೆ ಉಳಿದದ್ದನ್ನು ಕೊಯ್ಯಲೂಬಾರದು. ಸಿಂಪಡಣೆಯಿಲ್ಲದ ಹೊಲದಲ್ಲಿ ಬಿಸಿಲಿಗೆ ಬಾಡಿದ ಗೋಣಿಸೊಪ್ಪು ಸಿಕ್ಕ ಓದುಗರು, ಸೂರ್ಯ ಏರುವ ಮೊದಲು ಒಂದೆಲೆಯನ್ನೂ ಸಂಜೆ ಅದೇ ಗಿಡದ ಇನ್ನೊಂದೆಲೆಯನ್ನೂ ತೊಳೆದು ಜಗಿದರೆ, ಹೈನ್ ಕಂಡ ಹುಳಿಯ ವ್ಯತ್ಯಾಸವನ್ನು ತಾವೇ ಪರೀಕ್ಷಿಸಬಹುದು.