ಕಲ್ಲುಗುಡ್ಡದ ಕ್ಯಾರಲ್ಲುಮ: ಒಂದು ಗಿಡ, ಹಲವು ರೂಪ

ನೋಡಿದರೆ ಪುಟ್ಟ ಪಾಪಾಸುಕಳ್ಳಿಯಂತಿದ್ದರೂ ಕ್ಯಾರಲ್ಲುಮ ಕಳ್ಳಿಯಲ್ಲ. ಪಾಪಾಸುಕಳ್ಳಿಯ ಮೂಲ ಅಮೆರಿಕ ಖಂಡ. ಕ್ಯಾರಲ್ಲುಮ ನಮ್ಮ ನೆಲದ್ದೇ. ಎಕ್ಕ, ಕಣಗಿಲೆಗಳ ಕುಟುಂಬಕ್ಕೆ ಸೇರಿದ್ದು. ಆದರೆ ಮುರಿದರೆ ಎಕ್ಕದಂತೆ ಹಾಲು ಸುರಿಯುವುದಿಲ್ಲ, ತಿಳಿಯಾದ ರಸ ಬರುತ್ತದೆ. ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯ ಗುಡ್ಡಗಳಲ್ಲಿರುವಂಥ ಕಲ್ಲುನೆಲ ಮತ್ತು ಕುರುಚಲು ಕಾಡು ಈ ಜಾತಿಗೆ ಒಗ್ಗಿದ ನೆಲೆ.

ಗಿಡದ ಎತ್ತರ ಸಾಮಾನ್ಯವಾಗಿ ಗೇಣಿನಿಂದ ಮೊಳದಷ್ಟು. ಕಾಂಡಕ್ಕೆ ನಾಲ್ಕು ಏಣು. ಎಲೆಗಳು ಮೂಡಿದರೂ ಕಣ್ಣಿಗೆ ಬೀಳದಷ್ಟು ಸಣ್ಣವು, ಬೇಗ ಉದುರುತ್ತವೆ. ಆಹಾರ ತಯಾರಿಸುವ ಕೆಲಸವೆಲ್ಲ ಹಸಿರು ಕಾಂಡದ್ದೇ. ಹಗಲಿನ ಬಿಸಿಲಿಗೆ ನೀರು ಆವಿಯಾಗದಂತೆ ಅದು ತನ್ನ ಸೂಕ್ಷ್ಮ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಮೊನಚಾಗುತ್ತ ಹೋಗುವ ತುದಿಗಳಲ್ಲಿ ಐದೆಸಳಿನ ಕಂದುನೇರಳೆ ಹೂಗಳು ಬಿಡುತ್ತವೆ. ಪರಾಗಸ್ಪರ್ಶಕ್ಕೆ ನೊಣಗಳು ನೆರವಾಗುತ್ತವೆ. ಕೊಂಬಿನಂಥ ಜೋಡಿಕಾಯಿ ಒಣಗಿ ಬಿರಿದಾಗ ರೇಷ್ಮೆಕುಚ್ಚಿನ ಬೀಜಗಳು ಗಾಳಿಗೆ ತೇಲುತ್ತವೆ.

ಈ ಪ್ರಭೇದದ ಹೆಸರು ಕ್ಯಾರಲ್ಲುಮ ಅಡ್ಸೆಂಡೆನ್ಸ್. ಕೋರಮಂಡಲ ಕರಾವಳಿಯ ಸಸ್ಯಗಳನ್ನು ಅಧ್ಯಯನ ಮಾಡಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಮೊದಲು ವರ್ಣಿಸಿದರು. 1810ರಲ್ಲಿ ರಾಬರ್ಟ್ ಬ್ರೌನ್ ಕ್ಯಾರಲ್ಲುಮ ಕುಲವನ್ನು ಸ್ಥಾಪಿಸಿದರು. ಊರಿನಿಂದ ಊರಿಗೆ ಇದರ ಕಾಂಡದ ದಪ್ಪ, ಹೂವಿನ ಬಣ್ಣ, ಎಸಳಿನ ರೋಮ ಬದಲಾಗುತ್ತವೆ. ಫಿಂಬ್ರಿಯಾಟ ರೂಪದಲ್ಲಿ ಎಸಳಿನ ಅಂಚಿಗೆ ರೋಮದ ಕುಚ್ಚಿದೆ. ಗ್ರಾಸಿಲಿಸ್ ತೆಳು ಕಾಂಡದ್ದು. ಮದ್ರಾಸ್ ವಸ್ತುಸಂಗ್ರಹಾಲಯದ ಗ್ರೇವ್ಲಿ ಮತ್ತು ಮಯೂರನಾಥನ್ 1931ರಲ್ಲಿ ಭಾರತದ ಕ್ಯಾರಲ್ಲುಮಗಳನ್ನು ಪರಿಶೀಲಿಸಿ, ಇಂಥ ಹಲವನ್ನು ಒಂದೇ ಪ್ರಭೇದದ ಉಪರೂಪಗಳೆಂದು ವಿಂಗಡಿಸಿದರು. ಅವುಗಳಲ್ಲಿ ಕೆಲವನ್ನು ಪ್ರತ್ಯೇಕ ಪ್ರಭೇದವೆಂದು ಎಣಿಸುವವರೂ ಇದ್ದಾರೆ.

ದಕ್ಷಿಣ ಭಾರತದ ಒಣ ಸೀಮೆಗಳಲ್ಲಿ ಇದರ ಎಳೆ ಕಾಂಡವನ್ನು ಹಸಿಯಾಗಿಯೋ ಬೇಯಿಸಿಯೋ ತಿನ್ನುವ, ಉಪ್ಪಿನಕಾಯಿ ಹಾಕುವ ರೂಢಿಯಿದೆ. ಹಸಿವನ್ನು ತಡೆಯುತ್ತದೆಂಬ ನಂಬಿಕೆಯಿಂದ ಇದರ ಸಾರ ತೂಕ ಇಳಿಸುವ ಮಾತ್ರೆಯಾಗಿ ಮಾರುಕಟ್ಟೆಗೂ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ 60 ದಿನಗಳ ಪರೀಕ್ಷೆಯಲ್ಲಿ ಹಸಿವು ಮತ್ತು ಸೊಂಟದ ಸುತ್ತಳತೆ ತಗ್ಗಿದ್ದು ಕಂಡಿತು. ಆದರೆ ತೂಕದಲ್ಲಿ, ಸಾರ ಸೇವಿಸದವರಿಗೆ ಹೋಲಿಸಿದರೆ, ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕಲ್ಲುಗಣಿಗಾರಿಕೆ, ಬೆಂಕಿ ಮತ್ತು ಬೇರುಸಹಿತ ಕಿತ್ತೊಯ್ಯುವುದು ಇಂಥ ಗಿಡಗಳಿಗೆ ಅಪಾಯ. ಒಂದು ಗುಡ್ಡದ ಗಿಡಗಳು ಹಾಳಾದರೆ ಅಲ್ಲಿಗೇ ವಿಶಿಷ್ಟವಾದ ರೂಪವೂ ಹೋದೀತು. ಪ್ರಭೇದ ಬೇರೆಡೆ ಉಳಿದಿದೆ ಎಂಬುದು ಆ ನಷ್ಟವನ್ನು ತುಂಬದು. ಸಾಕಬಯಸುವವರು ಗುಡ್ಡದಿಂದ ಕೀಳದೆ, ಮೊದಲೇ ಬೆಳೆಸಿದವರಿಂದ ಕಾಂಡದ ತುಂಡು ಪಡೆಯುವುದು ಸರಿ. ಕತ್ತರಿಸಿದ ಬಾಯಿ ನೆರಳಿನಲ್ಲಿ ಕೆಲವು ದಿನ ಒಣಗಿದ ಮೇಲೆ ನೀರು ನಿಲ್ಲದ ಮರಳುಮಣ್ಣಿನಲ್ಲಿ ನೆಟ್ಟರೆ ಅದು ಬೇರು ಬಿಡುತ್ತದೆ. ಯಾವ ಊರಿನದೆಂದು ಚೀಟಿಯಲ್ಲಿ ಬರೆದಿಟ್ಟರೆ ಸ್ಥಳೀಯ ರೂಪದ ಗುರುತೂ ಉಳಿಯುತ್ತದೆ.