ಕುಳಿತಿರಲಾರದ ಮಕ್ಕಳಿಗೆ ಗಣಿತ

ಹುಡುಗನು ಐದು ನಿಮಿಷವೂ ಒಂದೆಡೆ ಕುಳಿತಿರಲಾರನು. ಆದಕಾರಣ ಅವನಿಗೆ ಗಣಿತ ಹತ್ತುವುದಿಲ್ಲ. ಹೀಗೊಂದು ತೀರ್ಪು ಎರಡು ವರ್ಷಗಳ ಹಿಂದೆ, ನನ್ನ ಮಗನಿಗೆ ಎಂಟು ತುಂಬಿದಾಗ, ಅವನ ಶಾಲೆಯಿಂದ ಮನೆಗೆ ಬಂದಿತು. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿ ಸಂಬಳ ಪಡೆಯುವವನ ಮಗನಿಗೆ ಮೂರರ ಮಗ್ಗಿ ಬಾರದೆಂದರೆ ಅವಮಾನವಲ್ಲವೆ? ಬಹುಮಂದಿ ತಂದೆಯರು ಮಾಡುವುದನ್ನೇ ನಾನೂ ಮಾಡಿದೆ. ಸಂಜೆ ಅವನನ್ನು ಮೇಜಿನ ಮುಂದೆ ಕೂರಿಸಿ, ಬಾಗಿಲು ಹಾಕಿಕೊಂಡು, ಮಗ್ಗಿಯನ್ನು ಹೇಳಿಸಿದೆ. ಹದಿನೈದು ದಿನಗಳಲ್ಲಿ ಮಗ್ಗಿ ಬಂದಿತು. ಜೊತೆಗೆ ಲೆಕ್ಕದ ಪುಸ್ತಕವನ್ನು ಕಂಡೊಡನೆ ಹೊಟ್ಟೆನೋವೂ ಬಂದಿತು. "ಮೂರೇಳ್ಲ ಇಪ್ಪತ್ತೊಂದು" ಎಂದು ಗಿಳಿಯಂತೆ ಹೇಳುವವನು, ತಲಾ ಮೂರು ಇಡ್ಲಿಯಂತೆ ಏಳು ಜನರಿಗೆ ಎಷ್ಟು ಬೇಕೆಂದರೆ ಬೆಪ್ಪಾಗಿ ನೋಡುತ್ತಿದ್ದನು.

ನಾವಿರುವುದು ರಾಮನಗರದಲ್ಲಿ. ಸುಮಾರು 12 ಕಿಲೋಮೀಟರು ದೂರದಲ್ಲಿ ಚನ್ನಪಟ್ಟಣವಿದೆ. ಒಂದು ರಜೆಯ ದಿನ, ಪಾಠದ ಯೋಚನೆಯೇ ಇಲ್ಲದೆ, ಅಲ್ಲಿನ ಬೊಂಬೆ ಕಡೆಯುವ ಮನೆಯೊಂದಕ್ಕೆ ಅವನನ್ನು ಕರೆದೊಯ್ದೆ. ಆಲೆ ಮರದ ತುಂಡೊಂದು ಕಡೆಯುವ ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿತ್ತು. ಉಳಿಯನ್ನು ತಾಗಿಸಿದಂತೆಲ್ಲ ಅಂಕುಡೊಂಕು ತುಂಡು ದುಂಡಗಾಯಿತು. ಬಳಿಕ ಕುಶಲಕರ್ಮಿಯು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದನು; ಘರ್ಷಣೆಯಿಂದ ಹುಟ್ಟಿದ ಶಾಖಕ್ಕೆ ಅರಗು ಮೆತ್ತಗಾಗಿ ಮರದ ಮೈಮೇಲೆ ಹರಡಿಕೊಂಡಿತು. ನನ್ನ ವಿದ್ಯಾರ್ಥಿಗಳಿಗೆ ಘರ್ಷಣೆಯನ್ನು ಕುರಿತು ಇಷ್ಟು ಚೆನ್ನಾಗಿ ನಾನೆಂದೂ ತೋರಿಸಿರಲಿಲ್ಲ! ಆದರೆ ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಕುಳಿತಿರಲಾರದ ಹುಡುಗನು ಅರ್ಧ ಗಂಟೆ ಕದಲದೆ ನಿಂತಿದ್ದನು.

ಎರಡು ಮರದ ಗಾಲಿಗಳನ್ನು ಕೊಂಡು ತಂದೆವು. ದೊಡ್ಡದರ ವ್ಯಾಸ 7 ಸೆಂಟಿಮೀಟರು, ಚಿಕ್ಕದರದು 5. ಗಾಲಿಯ ಅಂಚಿಗೆ ಒಂದು ಸುಣ್ಣದ ಚುಕ್ಕೆಯಿಟ್ಟು, "ಒಂದು ಸುತ್ತು ಉರುಳಿದರೆ ಇದು ಎಷ್ಟು ದೂರ ಹೋದೀತು? ಮೊದಲು ಹೇಳು, ಆಮೇಲೆ ಉರುಳಿಸು" ಎಂದೆ. ತನ್ನ ಎರಡರಷ್ಟು ಅಗಲ, ಎಂದನು. ಉರುಳಿಸಿದಾಗ ಮೂರು ಅಗಲವಾಗಿ ಇನ್ನೂ ಚೂರು ಮಿಕ್ಕಿತು. ಚಿಕ್ಕ ಗಾಲಿಯಾದರೆ ಎರಡೇ ಇರಬೇಕೆಂದು ಹಟ ಹಿಡಿದನು. ಅದೂ ಮೂರು ಮತ್ತು ಚೂರು. ಊಟದ ತಟ್ಟೆ ಉರುಳಿತು, ಅವನ ತಾಯಿಯ ಬಳೆ ಉರುಳಿತು, ಕೊನೆಗೆ ಅಂಗಳದಲ್ಲಿ ಸೈಕಲ್ಲೂ ಉರುಳಿತು. "ಅಪ್ಪಾ, ಎಲ್ಲಕ್ಕೂ ಮೂರು ಮತ್ತು ಚೂರು!" ಎಂದು ಕೂಗಿದನು. ಆರ್ಯಭಟನು ಕ್ರಿ. ಶ. 499ರಲ್ಲಿ ಆ ಚೂರನ್ನು ಲೆಕ್ಕ ಹಾಕಿ, ವ್ಯಾಸವು 20,000 ಆದರೆ ಪರಿಧಿಯು ಸುಮಾರು 62,832 ಎಂದು ಹೇಳಿದ್ದನು. ನಮಗೆ ಅಷ್ಟು ಬೇಕಿರಲಿಲ್ಲ. 7 ಸೆಂಟಿಮೀಟರಿನ ಗಾಲಿ 22 ಸೆಂಟಿಮೀಟರು ಹೋಗಿತ್ತು. ಹುಡುಗನು ಅಳತೆಪಟ್ಟಿಯನ್ನು ನೋಡಿ, ಮೆಲ್ಲಗೆ, "ಮೂರೇಳ್ಲ ಇಪ್ಪತ್ತೊಂದು... ಮಿಕ್ಕ ಒಂದು ಚೂರು" ಎಂದನು. ಬಾಯಿಪಾಠದ ಮಗ್ಗಿಗೆ ಅಂದು ಅರ್ಥ ಬಂದಿತು.

ಇಲ್ಲೊಂದು ಎಚ್ಚರಿಕೆಯ ಮಾತು. ಜರ್ಮನಿಯ ಫ್ರೋಬೆಲನು 1837ರಲ್ಲಿ ಆರಂಭಿಸಿದ ಶಿಶುಶಾಲೆಯಿಂದ ಮೊದಲ್ಗೊಂಡು ಮರದ ಗೋಳ, ಉರುಳೆ, ಘನಗಳು ಬೋಧನೆಗೆ ಬಂದಿವೆ. 1939ರಲ್ಲಿ ಭಾರತಕ್ಕೆ ಬಂದ ಮಾಂಟೆಸ್ಸೊರಿಯವರ ಸಾಮಗ್ರಿಗಳೂ ಇದೇ ಬಗೆಯವು. ಇದನ್ನು ಕೇಳಿ ಆಟಿಕೆಯೇ ಪಾಠ ಹೇಳುತ್ತದೆಂದು ನಂಬಿದವರು ಮೋಸಹೋಗುತ್ತಾರೆ. ನಾನೂ ಹೋದೆ. ದುಬಾರಿಯ ಮಣಿಚೌಕಟ್ಟೊಂದನ್ನು ತಂದುಕೊಟ್ಟು ಪತ್ರಿಕೆ ಓದುತ್ತ ಕುಳಿತೆ. ಹುಡುಗನು ಅದಕ್ಕೆ ದಾರ ಕಟ್ಟಿ ಬಂಡಿಯಾಗಿ ಎಳೆದನು. ಮಣಿಯಲ್ಲಿ ಸಂಖ್ಯೆಯಿಲ್ಲ, ಮೊದಲು ಊಹಿಸಿ, ಊಹೆಯನ್ನು ಬರೆದಿಟ್ಟು, ಬಳಿಕ ಕೈಯಿಂದ ಪರೀಕ್ಷಿಸುವಲ್ಲಿ ಸಂಖ್ಯೆ ಹುಟ್ಟುತ್ತದೆ. ಊಹೆ ತಪ್ಪಿದರೆ ಬೈಯಬಾರದು. ತಪ್ಪಿದಾಗಲೇ ಮಗು ಓಡಿಹೋಗಿ ಮತ್ತೊಮ್ಮೆ ಅಳೆಯುವುದು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ಎರಡನೆಯ ಪಾಠಶಾಲೆಯಾಯಿತು. ಒಂದು ಕಿಲೋಗ್ರಾಮಿಗೆ ಎಷ್ಟು ಗೂಡು? ಹುಡುಗನ ಊಹೆ ನೂರು. ಪರಿಚಯದ ರೈತರೊಬ್ಬರು ಕೊಟ್ಟ 50 ಗೂಡುಗಳನ್ನು ತೂಗಿದಾಗ 90 ಗ್ರಾಂ ಬಂದಿತು. ಭಾಗಾಕಾರವೆಂಬ ಹೆಸರನ್ನೇ ನಾನು ಎತ್ತಲಿಲ್ಲ. ನೂರಕ್ಕೆ 180, ಐನೂರಕ್ಕೆ 900, ಉಳಿದ 100 ಗ್ರಾಮಿಗೆ ಐವತ್ತು ಚಿಲ್ಲರೆ ಎಂದು ತಾನೇ ಮೆಟ್ಟಿಲು ಹತ್ತಿ 550ರ ಸಮೀಪಕ್ಕೆ ಬಂದನು. ಒಳ್ಳೆಯ ಗೂಡೊಂದರಲ್ಲಿ 800 ಮೀಟರಿನಷ್ಟು ಎಳೆ ಇರುವುದುಂಟು. ಹಾಗಾದರೆ ಇಲ್ಲಿಂದ ಚನ್ನಪಟ್ಟಣದವರೆಗೆ ಎಳೆಯಲು ಎಷ್ಟು ಗೂಡು ಬೇಕು? ಕೇವಲ ಹದಿನೈದು! ಎರಡು ಜೇಬಿನಲ್ಲಿ ಹಿಡಿಯುವ ಗೂಡುಗಳನ್ನು ಮುಟ್ಟಿ ಮುಟ್ಟಿ ನೋಡಿ, ನನ್ನ ಲೆಕ್ಕ ತಪ್ಪಿದೆಯೆಂದು ಅವನು ಎರಡು ದಿನ ವಾದಿಸಿದನು.

ಭಿನ್ನರಾಶಿಯನ್ನು ಕಲಿಸಿದ ಕೀರ್ತಿ ನನ್ನದಲ್ಲ, ಕನಕಪುರದ ಅವನ ಅಜ್ಜಿಯದು. ಆಕೆಯ ಮನೆಯಲ್ಲಿ ಸೇರು, ಪಾವು, ಅರೆಪಾವುಗಳು ಇನ್ನೂ ಉಳಿದಿವೆ. "ಅರ್ಧ ಸೇರು ರಾಗಿ ಹಾಕು ಮಗ, ಮೇಲೆ ಒಂದು ಪಾವು ಹಾಕು, ಈಗ ಎಷ್ಟಾಯ್ತು?" ನಾಲ್ಕು ಪಾವಿಗೆ ಒಂದು ಸೇರು, ಆದ್ದರಿಂದ ಮೂರು ಪಾವು, ಅಂದರೆ ಮುಕ್ಕಾಲು ಸೇರು. ಅರ್ಧಕ್ಕೆ ಕಾಲನ್ನು ಕೂಡಿ ಆರರಲ್ಲಿ ಎರಡು ಎಂದು ಬರೆಯುವ ತಪ್ಪನ್ನು ರಾಗಿ ಅಳೆದ ಮಗು ಮಾಡಲಾರದು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಗಣಿತವನ್ನು ಬರೆದ ರಾಜಾದಿತ್ಯನು ತನ್ನ ಗ್ರಂಥವೊಂದನ್ನು 'ವ್ಯವಹಾರಗಣಿತ' ಎಂದೇ ಕರೆದನು. ಅಜ್ಜಿಗೆ ಅವನ ಹೆಸರು ತಿಳಿಯದು.

ಕಳೆದ ಬೇಸಿಗೆಯಲ್ಲಿ ಮಾಗಡಿಯ ಬಂಧುಗಳಲ್ಲಿಗೆ ಹೋಗಿದ್ದೆವು. ಸಮತಟ್ಟಾದ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅದರಷ್ಟೇ ಉದ್ದವಾಗುವ ಹೊತ್ತಿಗೆ ತೆಂಗಿನ ಮರದ ನೆರಳೂ ಮರದಷ್ಟೇ ಇರುತ್ತದೆಂದು ತಿಳಿಸಿದೆ. ಕೋಲಿಗೂ ಮರಕ್ಕೂ ನಡುವೆ ಅವನು ಎಷ್ಟು ಬಾರಿ ಓಡಿದನೋ ಲೆಕ್ಕವಿಲ್ಲ. ಓಡುವುದೇ ಇಲ್ಲಿ ಪಾಠದ ಭಾಗ. ಅದಕ್ಕೆ ಅಡ್ಡಿಮಾಡುವ ಪ್ರಮೇಯವೇ ಬರಲಿಲ್ಲ. ತೆಂಗಿನ ಮರದ ಎತ್ತರ ಸಿಕ್ಕಿತು. ಶಾಲೆಯಲ್ಲಿ ಅವನು ಈಗಲೂ ಚಡಪಡಿಸುತ್ತಾನೆ, ಅಂಕಗಳು ನಿಧಾನವಾಗಿ ಏರಿವೆ. ಹೊಟ್ಟೆನೋವಂತೂ ಮತ್ತೆ ಬಂದಿಲ್ಲ.

ಅಂದು ಸಂಜೆ ಸಾವನದುರ್ಗದ ಬಂಡೆಯನ್ನು ತೋರಿಸಿ, "ಇದರ ನೆರಳನ್ನೂ ಅಳೆಯೋಣ" ಎಂದನು. ಅದು ಆಗದು, ಶಿಖರದ ನೇರ ಕೆಳಗಿನ ಬಿಂದು ಬಂಡೆಯ ಒಡಲಿನಲ್ಲಿದೆ, ಅಲ್ಲಿಂದ ಪಟ್ಟಿ ಹಿಡಿಯುವವರಾರು? ದೂರದ ಎರಡು ಕಡೆ ನಿಂತು ಕೋನಗಳನ್ನು ಅಳೆದರೆ ಸಾಧ್ಯ ಎಂದು ಬಾಯಿತಪ್ಪಿ ಹೇಳಿದೆ. ಆ ಪಾಠ ಅವನ ತರಗತಿಗೆ ಬರಲು ಇನ್ನೂ ಕೆಲವು ವರ್ಷಗಳಿವೆ. ಕೋನಮಾಪಕಕ್ಕೆ ದಾರವನ್ನೂ ಕಲ್ಲನ್ನೂ ಕಟ್ಟಿಕೊಡೆಂದು ಈಗ ದಿನವೂ ನನ್ನನ್ನು ಪೀಡಿಸುತ್ತಿದ್ದಾನೆ.