ಸಮೂಹ ಸಂವಹನ ಮಾಧ್ಯಮವಾಗಿ ಬಾನುಲಿ: ಸಾಮರ್ಥ್ಯ ಮತ್ತು ಮಿತಿಗಳು

ಅಕ್ಷರಸ್ಥರಿಗೂ ಅನಕ್ಷರಸ್ಥರಿಗೂ ಏಕಕಾಲದಲ್ಲಿ ಮಾಹಿತಿ ತಲುಪಿಸಬಲ್ಲ ಮಾಧ್ಯಮಗಳಲ್ಲಿ ಬಾನುಲಿಯು ಪ್ರಮುಖವಾದುದು. ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಆರಂಭಿಸಿ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಬಳಸಿದರು. ಬೆಂಗಳೂರು ಆಕಾಶವಾಣಿ ಕೇಂದ್ರವು 1955ರ ನವೆಂಬರ್ 2ರಂದು ಉದ್ಘಾಟನೆಗೊಂಡಿತು.

ಕೇಳುಗನು ಕೈಕೆಲಸವನ್ನು ಬಿಡಬೇಕಾಗಿಲ್ಲ ಎಂಬುದೇ ಬಾನುಲಿಯ ಮೊದಲ ಅನುಕೂಲ. ಅಡುಗೆಮನೆಯಲ್ಲಿರುವವರೂ, ಹೊಲಿಗೆ ಯಂತ್ರದ ಮುಂದೆ ಕುಳಿತವರೂ, ಬನಶಂಕರಿ ನಿಲ್ದಾಣದಲ್ಲಿ ಬಾಡಿಗೆಗಾಗಿ ಕಾಯುವ ಆಟೋ ಚಾಲಕರೂ ಇದನ್ನು ಕೇಳಬಹುದು. ದೃಷ್ಟಿದೋಷವುಳ್ಳವರಿಗೆ ಇದು ನೇರವಾಗಿ ತಲುಪುತ್ತದೆ. ವಿದ್ಯುತ್ ಕಡಿತಗೊಂಡಾಗಲೂ, ಮೊಬೈಲ್ ಜಾಲ ಸ್ತಬ್ಧವಾದಾಗಲೂ ಬ್ಯಾಟರಿಯಿಂದ ನಡೆಯುವ ಪುಟ್ಟ ರೇಡಿಯೋ ಕೆಲಸ ಮಾಡುತ್ತದೆ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಪಾವತಿಸಿ ಲೈಸೆನ್ಸ್ ಪಡೆಯಬೇಕಾಗಿತ್ತು ಎಂಬುದನ್ನು ಹಿರಿಯರು ಬಲ್ಲರು. ಆ ಪದ್ಧತಿ ಈಗ ಇಲ್ಲ.

ಮಧ್ಯಮ ತರಂಗದ ಪ್ರಸಾರವು ದೂರದ ಹಳ್ಳಿಗಳನ್ನೂ ಮುಟ್ಟುತ್ತದೆ. ಎಫ್.ಎಂ. ಧ್ವನಿ ಸ್ಪಷ್ಟವಾದರೂ ಅದರ ವ್ಯಾಪ್ತಿ ಸೀಮಿತ. ಎತ್ತರದ ಕಟ್ಟಡಗಳ ಮರೆಯಲ್ಲಿ, ನೆಲಮಾಳಿಗೆಗಳಲ್ಲಿ ಅದು ಕ್ಷೀಣಿಸುತ್ತದೆ. ಜಯನಗರದಲ್ಲಿ 2007ರಲ್ಲಿ ಆರಂಭವಾದ ಸಮುದಾಯ ಬಾನುಲಿ ಕೇಂದ್ರ ‘ರೇಡಿಯೋ ಆಕ್ಟಿವ್’ (90.4 ಮೆಗಾಹರ್ಟ್ಸ್) ಇದಕ್ಕೆ ಉತ್ತಮ ನಿದರ್ಶನ. ಇಂತಹ ಕೇಂದ್ರಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಪ್ರಸರಣ ಸಾಮರ್ಥ್ಯದ ಮಿತಿ ಇರುವುದರಿಂದ ಧ್ವನಿಯು ಕೆಲವೇ ಕಿಲೋಮೀಟರುಗಳವರೆಗೆ ಸಾಗುತ್ತದೆ. ಆದರೆ ಆ ಕಿರಿದಾದ ವ್ಯಾಪ್ತಿಯೇ ಅದರ ಬಲವೂ ಹೌದು. ತ್ಯಾಜ್ಯ ಆಯುವವರು, ಲಿಂಗತ್ವ ಅಲ್ಪಸಂಖ್ಯಾತರು ಮೈಕಿನ ಮುಂದೆ ಕುಳಿತು ತಮ್ಮ ಬದುಕಿನ ವಿಚಾರಗಳನ್ನು ತಾವೇ ಹೇಳಲು ದೊಡ್ಡ ಕೇಂದ್ರಗಳಲ್ಲಿ ಅವಕಾಶ ದೊರೆಯುವುದು ವಿರಳ. ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳು ಹಾಗೂ ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿಗಾಗಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ವ್ಯಕ್ತಿಗಳಿಗೂ ರಾಜಕೀಯ ಪಕ್ಷಗಳಿಗೂ ಈ ಅವಕಾಶವಿಲ್ಲ. ಖಾಸಗಿ ಎಫ್.ಎಂ. ಹಾಗೂ ಸಮುದಾಯ ಕೇಂದ್ರಗಳು ಸ್ವಂತ ಸುದ್ದಿಯನ್ನು ಸಿದ್ಧಪಡಿಸಿ ಬಿತ್ತರಿಸುವಂತಿಲ್ಲ.

ಬಾನುಲಿಯ ದೊಡ್ಡ ಮಿತಿಯೆಂದರೆ ಅದರ ಮಾತು ನಿಲ್ಲದು. ಪತ್ರಿಕೆಯ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಆಡಿಹೋದ ಮಾತನ್ನು ಮತ್ತೆ ನೋಡಲಾಗದು. ಶ್ರವಣದೋಷವುಳ್ಳವರಿಗಂತೂ ಈ ಮಾಧ್ಯಮವು ದೊರೆಯುವುದೇ ಇಲ್ಲ. ಕುಕ್ಕರಿನ ಸದ್ದಿನ ನಡುವೆ ‘ಹದಿನೈದು’ ಎಂಬುದು ‘ಇಪ್ಪತ್ತೈದು’ ಎಂದು ಕೇಳಿಸಿದರೆ, ವಿಧವಾ ವೇತನಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಹರಾದವರು ಹತ್ತು ದಿನ ತಡವಾಗಿ ಕಚೇರಿಗೆ ಬಂದು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ‘ರೇಡಿಯೋದಲ್ಲಿ ಹೇಳಿದ್ದರು’ ಎಂಬುದು ಕಡತದಲ್ಲಿ ದಾಖಲೆಯಾಗದು.

ಆದುದರಿಂದ ಅರ್ಜಿದಾರರು ಪ್ರಕಟಣೆಯನ್ನು ಆಲಿಸಿದ ಕೂಡಲೇ ಯೋಜನೆಯ ಹೆಸರು, ಕಚೇರಿ ಮತ್ತು ಕೊನೆಯ ದಿನಾಂಕ ಇವಿಷ್ಟನ್ನು ಬರೆದಿಟ್ಟುಕೊಂಡು, ಸಂಬಂಧಪಟ್ಟ ಕಚೇರಿಯ ಸೂಚನಾ ಫಲಕದಲ್ಲಿ ಅಥವಾ ಲಿಖಿತ ಪ್ರಕಟಣೆಯಲ್ಲಿ ತಾಳೆ ನೋಡತಕ್ಕದ್ದು. ಸಮುದಾಯ ಬಾನುಲಿ ಕೇಂದ್ರಗಳು ತಮ್ಮ ಪ್ರಸಾರದ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವಿದೆ. ಅದು ಪರವಾನಗಿಯ ಷರತ್ತೇ ಹೊರತು ಕೇಳುಗರಿಗೆ ಪ್ರತಿ ಒದಗಿಸುವ ಏರ್ಪಾಡಲ್ಲ.